ಮೌಸ್ ಡ್ರೈವರ್‌ನ ಬಗ್ ಫಿಕ್ಸ್ ರಿವ್ಯೂ ಮಾಡುವುದು ಹೇಗೆ: ಡಿಫ್‌ಗಿಂತ ಮೊದಲು ಮೂರು ಬೈಟ್ ಓದಿ

ಒಂದು ಪ್ಯಾಚ್, ಅಂದರೆ ಕೋಡಿಗೆ ಮಾಡಿದ ತಿದ್ದುಪಡಿ, ಬಂದಿದೆ ಅಂದುಕೊಳ್ಳಿ. ಬದಲಾಗಿರುವುದು ನಾಲ್ಕೇ ಸಾಲು. ಮೇಲೆ ಹೀಗೆ ಬರೆದಿದೆ: "ಮೌಸನ್ನು ಜೋರಾಗಿ ಎಡಕ್ಕೆ ಎಳೆದರೆ ಕರ್ಸರ್ ಬಲಕ್ಕೆ ಜಿಗಿಯುತ್ತಿತ್ತು. ಈಗ ಜಿಗಿಯುವುದಿಲ್ಲ. ಕ್ಯೂಎಮುನಲ್ಲಿ ಟೆಸ್ಟ್ ಮಾಡಿದ್ದೇನೆ." (ಕ್ಯೂಎಮು ಎಂದರೆ ಇಡೀ ಕಂಪ್ಯೂಟರನ್ನೇ ನಟಿಸುವ ಪ್ರೋಗ್ರಾಮ್.) ಕೋಡ್ ಕಂಪೈಲ್ ಆಗುತ್ತದೆ. ಓದಲು ಎರಡು ನಿಮಿಷ ಸಾಕು. ಓಕೆ ಅಂದುಬಿಡೋಣ ಅನಿಸುತ್ತದೆ, ಅಲ್ವಾ?

ಆದರೆ ಈ ಪ್ಯಾಚ್ ತಪ್ಪು. ಎಲ್ಲಿ ತಪ್ಪು ಎಂದು ಹುಡುಕುವ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಪ್ಯಾಚನ್ನು ಪಾಠಕ್ಕೆಂದು ನಾನೇ ಕಟ್ಟಿದ್ದು. ಅದರೊಳಗಿನ ತಪ್ಪು ಮಾತ್ರ ಕಟ್ಟಿದ್ದಲ್ಲ. ಸ್ವಂತ ಓಎಸ್ ಬರೆಯಲು ಕೂತವರು ಸುಲಭವಾಗಿ ಬೀಳುವ ಹಳ್ಳ ಇದು, ನಾನೂ ಬಿದ್ದಿದ್ದೇನೆ. ಸರಿಯಾದದ್ದು ಹೇಗಿರುತ್ತದೆ ಎಂದು ಹೋಲಿಸಲು ಲಿನಕ್ಸ್ ಕರ್ನಲ್‌ನ ಪಿಎಸ್‌ಮೌಸ್ ಡ್ರೈವರ್ ಇದೆ.

ಮೊದಲು: ನಿಮ್ಮ ಕೈಯಲ್ಲಿರುವುದು ಯಾವ ಮೌಸ್?

ಈ ಪ್ಯಾಚ್ ಪಿಎಸ್/2 ಮೌಸಿನದು. ಆ ಹೆಸರು ಬಂದದ್ದು ಐಬಿಎಂ 1987ರಲ್ಲಿ ತಂದ ಕಂಪ್ಯೂಟರ್‌ಗಳಿಂದ. ಆರು ಪಿನ್ನಿನ ದುಂಡಗಿನ ಪ್ಲಗ್ ನೆನಪಿರಬಹುದು. ಪ್ಲಗ್ ಈಗ ಅಪರೂಪ, ಆದರೆ ಆ ಪ್ರೋಟೊಕಾಲ್ ಸತ್ತಿಲ್ಲ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ವರ್ಷಗಟ್ಟಲೆ ಒಳಗೊಳಗೇ ಇದನ್ನೇ ಮಾತಾಡಿದೆ. ವರ್ಚುವಲ್ ಮೆಷಿನ್‌ಗಳು ಇಂದಿಗೂ ಈ ಮೌಸನ್ನು ನಟಿಸುತ್ತವೆ. ಹೊಸದಾಗಿ ಓಎಸ್ ಬರೆಯುವವರಿಗೆ ಯುಎಸ್‌ಬಿಗಿಂತ ಇದೇ ಸುಲಭ.

ಯುಎಸ್‌ಬಿ ಮೌಸ್‌ನ ಹಾದಿ ಬೇರೆ. ಲಿನಕ್ಸ್‌ನಲ್ಲಿ ಅದರ ಡೇಟಾ ಎಚ್‌ಐಡಿ ಕೋಡ್ ಮೂಲಕ ಬರುತ್ತದೆ, ಪಿಎಸ್‌ಮೌಸ್ ಕಡೆಗೆ ತಲೆಯನ್ನೂ ಹಾಕುವುದಿಲ್ಲ. ಹಾಗಾಗಿ ಪಿಎಸ್/2 ಪ್ಯಾಚನ್ನು ಯುಎಸ್‌ಬಿ ಮೌಸ್ ಹಿಡಿದು ಟೆಸ್ಟ್ ಮಾಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಏಕೆಂದರೆ ಪ್ಯಾಚ್ ಓಡಿಯೇ ಇರುವುದಿಲ್ಲ. ಒಂದು ಸಂಜೆ ಪೂರ್ತಿ ನಾನು ಹೀಗೆ ಕಳೆದಿದ್ದೇನೆ. ಪ್ರೊಕ್ ಫೋಲ್ಡರ್‌ನ ಬಸ್ ಒಳಗೆ, ಅದರ ಇನ್‌ಪುಟ್ ಒಳಗೆ, ಡಿವೈಸಸ್ ಎಂಬ ಫೈಲ್ ಇದೆ. ಅದನ್ನು ತೆರೆದು ನಿಮ್ಮ ಮೌಸ್‌ನ ಫಿಸ್ ಸಾಲು ನೋಡಿ. ಅಲ್ಲಿ ಸೀರಿಯೊ ಎಂದಿದ್ದರೆ ಪಿಎಸ್/2. ಯುಎಸ್‌ಬಿ ಎಂದು ಶುರುವಾಗಿದ್ದರೆ ಬೇರೆ ಮೌಸ್ ಹುಡುಕಿ.

ಮೂರು ಬೈಟ್

ಡಿಫ್, ಅಂದರೆ ಪ್ಯಾಚ್ ಬದಲಿಸಿದ ಸಾಲುಗಳ ಪಟ್ಟಿ, ಇನ್ನೂ ತೆರೆಯಬೇಡಿ. ಅದನ್ನು ಮೊದಲೇ ನೋಡಿದರೆ ಬರೆದವರು ಯೋಚಿಸಿದ ಹಾಗೇ ನಾವೂ ಯೋಚಿಸಲು ಶುರು ಮಾಡುತ್ತೇವೆ. ಮೌಸ್ ಏನು ಕಳಿಸುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಸಾದಾ ಪಿಎಸ್/2 ಮೌಸ್ ಒಂದು ಸಲಕ್ಕೆ ಮೂರು ಬೈಟ್ ಕಳಿಸುತ್ತದೆ. ಈ ಗುಂಪೇ ಒಂದು ಪ್ಯಾಕೆಟ್. ಮೊದಲನೆಯದರಲ್ಲಿ ಎಂಟು ಬಿಟ್‌ಗಳಿಗೂ ಬೇರೆ ಬೇರೆ ಕೆಲಸ. ಸೊನ್ನೆಯಿಂದ ಎಣಿಸಿದರೆ, ಬಿಟ್ 0 ಎಡ ಬಟನ್, 1 ಬಲ ಬಟನ್, 2 ನಡುವಿನದು. ಬಿಟ್ 3 ಯಾವಾಗಲೂ ಒಂದು. ಬಿಟ್ 4 ಎಕ್ಸ್‌ನ ಚಿಹ್ನೆ, ಬಿಟ್ 5 ವೈನ ಚಿಹ್ನೆ. 6 ಮತ್ತು 7 ಓವರ್‌ಫ್ಲೋ, ಅಂದರೆ ಕೈ ಎಷ್ಟು ಜೋರಾಗಿ ಓಡಿತೆಂದರೆ ಎಣಿಕೆ ಹಿಡಿಸಲಿಲ್ಲ ಎಂಬ ಸೂಚನೆ. ಎರಡನೇ ಬೈಟ್ ಎಕ್ಸ್ ಚಲನೆ, ಮೂರನೆಯದು ವೈ ಚಲನೆ.

ಗಮನಿಸಬೇಕಾದ್ದು ಇಷ್ಟೇ: ಚಲನೆಯ ಸಂಖ್ಯೆ ಎಂಟು ಬಿಟ್ಟಿನದಲ್ಲ, ಒಂಬತ್ತು ಬಿಟ್ಟಿನದು. ಒಂಬತ್ತನೆಯ ಬಿಟ್, ಅಂದರೆ ಚಿಹ್ನೆ, ಮೊದಲ ಬೈಟಿನಲ್ಲಿ ಕೂತಿದೆ. ಮನೆ ಒಂದು ಬೀದಿಯಲ್ಲಿ, ಬೀಗದ ಕೈ ಇನ್ನೊಂದು ಬೀದಿಯಲ್ಲಿ. ಈ ಬಗ್ ಹುಟ್ಟುವುದು ಅಲ್ಲೇ.

ಚಕ್ರ ಇರುವ ಮೌಸ್ ಆದರೆ ನಾಲ್ಕು ಬೈಟ್. ಅದನ್ನು ಎಬ್ಬಿಸಲು ಒಂದು ಗುಟ್ಟಿನ ತಟ್ಟು ಇದೆ: ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಎಂಬುದನ್ನು) 200, 100, 80 ಎಂದು ಸಾಲಾಗಿ ಹೊಂದಿಸಿ, ಆಮೇಲೆ ಐಡಿ ಕೇಳಬೇಕು. 3 ಎಂದು ಉತ್ತರ ಬಂದರೆ ಅದು ಮೈಕ್ರೋಸಾಫ್ಟ್ ಇಂಟೆಲಿಮೌಸ್ ಬಗೆಯದು. ಪ್ಯಾಚ್‌ನಲ್ಲಿ ಎಲ್ಲಾದರೂ 3 ಎಂಬ ಸಂಖ್ಯೆಯನ್ನು ಪ್ಯಾಕೆಟ್ ಉದ್ದವೆಂದು ನೇರವಾಗಿ ಬರೆದಿದ್ದರೆ ಅಲ್ಲೊಂದು ಗುರುತು ಹಾಕಿಡಿ.

ಹಳೆಯ ಕೋಡ್‌ಗೆ ಕೈಯಾರೆ ಲೆಕ್ಕ ಕೊಡಿ

ಈಗಲೂ ಪ್ಯಾಚ್ ಬೇಡ. ಹಳೆಯ ಕೋಡ್ ಮಾತ್ರ ತೆರೆಯಿರಿ. ನಮ್ಮ ಉದಾಹರಣೆಯಲ್ಲಿ ಅದು ಎರಡನೇ ಬೈಟನ್ನು ಎಂಟು ಬಿಟ್ಟಿನ ಚಿಹ್ನೆಯಿರುವ ಸಂಖ್ಯೆ ಎಂದು ಓದುತ್ತದೆ. ಬಿಟ್ 4ನ್ನು ನೋಡುವುದೇ ಇಲ್ಲ.

ಮೆಲ್ಲಗೆ ಎಡಕ್ಕೆ ಎಳೆದಾಗ ಬರುವ ಪ್ಯಾಕೆಟ್: 24, 251, 0. ಇಲ್ಲಿ 24 ಎಂದರೆ 00011000, ಬಿಟ್ 3 ಮತ್ತು ಬಿಟ್ 4 ಎದ್ದಿವೆ. ಸರಿಯಾದ ಉತ್ತರ 251 − 256 = −5. ಹಳೆಯ ಕೋಡ್ ಕೂಡ 251ನ್ನು −5 ಎಂದೇ ಓದುತ್ತದೆ. ತೊಂದರೆ ಇಲ್ಲ.

ಈಗ ಜೋರಾಗಿ ಎಡಕ್ಕೆ: 24, 96, 0. ಸರಿಯಾದ ಉತ್ತರ 96 − 256 = −160. ಹಳೆಯ ಕೋಡ್ ಹೇಳುವುದು +96. ಕೈ ಎಡಕ್ಕೆ, ಕರ್ಸರ್ ಬಲಕ್ಕೆ. ದೂರು ಹೇಳಿದವರು ಕಂಡದ್ದು ಇದನ್ನೇ.

ಜೋರಾಗಿ ಬಲಕ್ಕೆ ಎಳೆದರೆ? 8, 160, 0. ಬರಬೇಕಾದ್ದು +160, ಹಳೆಯ ಕೋಡ್ ಕೊಡುವುದು −96. ದೂರಿನಲ್ಲಿ ಎಡದ ಮಾತು ಮಾತ್ರ ಇತ್ತು. ದೂರು ಕೊಡುವವರು ತಮಗೆ ಕಂಡಷ್ಟನ್ನೇ ಹೇಳುತ್ತಾರೆ. ಉಳಿದದ್ದನ್ನು ಹುಡುಕುವುದು ರಿವ್ಯೂ ಮಾಡುವವರ ಪಾಲಿಗೆ.

ಈಗ ಪ್ಯಾಚ್

ಪ್ಯಾಚ್ ಮಾಡಿರುವುದು ಇಷ್ಟು: ಬಿಟ್ 4ಕ್ಕೂ ಎರಡನೇ ಬೈಟಿನ ಅತಿ ಮೇಲಿನ ಬಿಟ್ಟಿಗೂ (ಬಿಟ್ 7) ಹೊಂದಾಣಿಕೆ ಇಲ್ಲದಿದ್ದರೆ "ಹಾಳಾದ ಡೇಟಾ" ಎಂದು ಚಲನೆಯನ್ನು ಸೊನ್ನೆ ಮಾಡುತ್ತದೆ.

ಅದೇ ಪ್ಯಾಕೆಟ್ ಕೊಟ್ಟು ನೋಡಿ. 24, 96, 0 ಕೊಟ್ಟರೆ ಸೊನ್ನೆ. ಬರಬೇಕಾದ್ದು −160. ಜಿಗಿತ ನಿಂತಿದೆ, ನಿಜ. ಆದರೆ ಈಗ ಜೋರಾಗಿ ಎಳೆದರೆ ಕರ್ಸರ್ ನಿಂತಲ್ಲೇ ನಿಲ್ಲುತ್ತದೆ. ಹೆಂಚು ಸೋರುತ್ತಿದ್ದರೆ ಕೆಳಗೆ ಬಕೆಟ್ ಇಟ್ಟ ಹಾಗೆ. ಅದಕ್ಕಿಂತ ದೊಡ್ಡ ತೊಂದರೆ ಆ "ಹಾಳಾದ ಡೇಟಾ" ಎಂಬ ಮಾತು. ಡೇಟಾ ಹಾಳಾಗಿರಲಿಲ್ಲ. ಮೌಸ್ ಸರಿಯಾಗೇ ಹೇಳಿತ್ತು, ನಾವು ಓದಿದ್ದು ತಪ್ಪು. ಈ ಕಾಮೆಂಟ್ ಕೋಡ್‌ನಲ್ಲಿ ಉಳಿದರೆ ನಾಳೆ ಬರುವವರು ಮೌಸ್‌ನದೇ ತಪ್ಪು ಎಂದು ನಂಬುತ್ತಾರೆ.

ಬಗ್ ಫಿಕ್ಸ್‌ನಲ್ಲಿ ಏನನ್ನಾದರೂ ಎಸೆಯುವ, ಸೊನ್ನೆ ಮಾಡುವ, ಕಣ್ಣು ಮುಚ್ಚಿ ದಾಟಿಹೋಗುವ ಸಾಲು ಕಂಡರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಎಸೆಯುತ್ತಿರುವ ಈ ಮೌಲ್ಯ ಎಲ್ಲಿಂದ ಬಂತು? ಉತ್ತರ ಬೈಟ್‌ಗಳಲ್ಲಿ ಬರಬೇಕು. "ಕೆಲವೊಮ್ಮೆ ಬರುತ್ತೆ ಸಾರ್" ಅನ್ನುವುದು ಉತ್ತರವಲ್ಲ.

"ಕ್ಯೂಎಮುನಲ್ಲಿ ಟೆಸ್ಟ್ ಮಾಡಿದ್ದೇನೆ"

ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಬರೆದವರು ಸುಳ್ಳು ಹೇಳಿಲ್ಲ. ಟೆಸ್ಟ್ ಮಾಡಿದ್ದಾರೆ, ಪಾಸೂ ಆಗಿದೆ. ಆದರೆ ಕ್ಯೂಎಮು ನಟಿಸುವ ಪಿಎಸ್/2 ಮೌಸ್ ಒಂದು ಪ್ಯಾಕೆಟ್‌ನಲ್ಲಿ −127ರಿಂದ +127ರವರೆಗಿನ ಚಲನೆಯನ್ನಷ್ಟೇ ಕಳಿಸುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಪ್ಯಾಕೆಟ್‌ಗೆ ಉಳಿಸಿಕೊಳ್ಳುತ್ತದೆ. ಆ ಮಿತಿಯೊಳಗೆ ಚಿಹ್ನೆಯ ಬಿಟ್ಟೂ ಬೈಟಿನ ಮೇಲಿನ ಬಿಟ್ಟೂ ಯಾವತ್ತೂ ಜಗಳವಾಡುವುದಿಲ್ಲ. ಅಂದರೆ ಹಳೆಯ ಕೋಡ್ ಕೂಡ ಕ್ಯೂಎಮುನಲ್ಲಿ ಸರಿಯಾಗೇ ಓಡುತ್ತದೆ! ಅಲ್ಲಿ ಈ ಬಗ್ ಹುಟ್ಟುವುದೇ ಇಲ್ಲ.

ಹಾಗಾಗಿ ಟೆಸ್ಟ್ ಬಗ್ಗೆ ಮೊದಲು ಕೇಳಬೇಕಾದ್ದು "ಹೊಸ ಕೋಡ್ ಪಾಸ್ ಆಯಿತಾ" ಎಂದಲ್ಲ, "ಹಳೆಯ ಕೋಡ್ ಇದೇ ಟೆಸ್ಟ್‌ನಲ್ಲಿ ಫೇಲ್ ಆಯಿತಾ" ಎಂದು. ಪ್ಯಾಚ್ ತೆಗೆದು ಅದೇ ಟೆಸ್ಟ್ ಓಡಿಸಿ. ಆಗಲೂ ಪಾಸ್ ಆದರೆ ಆ ಟೆಸ್ಟ್ ಏನನ್ನೂ ಹೇಳುತ್ತಿಲ್ಲ.

ನಿಜವಾದ ಮೌಸ್ ಇದ್ದರೂ ಈ ಬಗ್ ಸುಲಭಕ್ಕೆ ಸಿಗುವುದಿಲ್ಲ. ಮಿಲಿಮೀಟರ್‌ಗೆ 8 ಎಣಿಕೆ ಅಂದರೆ 127 ಎಣಿಕೆಗೆ ಸುಮಾರು 16 ಮಿಲಿಮೀಟರ್. ಸೆಕೆಂಡಿಗೆ 100 ಪ್ಯಾಕೆಟ್ ಬರುತ್ತಿದ್ದರೆ 10 ಮಿಲಿಸೆಕೆಂಡಿನಲ್ಲಿ ಕೈ ಅಷ್ಟು ದೂರ ಹೋಗಬೇಕು. ಅದು ಸೆಕೆಂಡಿಗೆ 1.6 ಮೀಟರ್ ವೇಗ. ಗೇಮ್ ಆಡುವಾಗ ಬಿಟ್ಟರೆ ಯಾರೂ ಹಾಗೆ ಮೌಸ್ ಬೀಸುವುದಿಲ್ಲ.

ಒಂದು ಉಪಾಯ ಇದೆ: ಸ್ಯಾಂಪಲ್ ರೇಟನ್ನು 10ಕ್ಕೆ ಇಳಿಸಿ. ಪಿಎಸ್/2 ಮೌಸ್ ಒಪ್ಪುವ ಅತಿ ಕಡಿಮೆ ರೇಟ್ ಅದು. ಲಿನಕ್ಸ್‌ನ ಪಿಎಸ್‌ಮೌಸ್ ಮಾಡ್ಯೂಲ್‌ಗೆ ರೇಟ್ ಎಂಬ ಪ್ಯಾರಾಮೀಟರ್ ಇದೆ, ಸಾಮಾನ್ಯವಾಗಿ 100 ಇರುತ್ತದೆ. ನಿಮ್ಮ ಸ್ವಂತ ಡ್ರೈವರ್ ಆದರೆ ಶುರುವಿನಲ್ಲಿ ಆ ಕಮಾಂಡ್ ಕಳಿಸಿ. ಈಗ ಎರಡು ಪ್ಯಾಕೆಟ್‌ಗಳ ನಡುವೆ 100 ಮಿಲಿಸೆಕೆಂಡ್. ಸೆಕೆಂಡಿಗೆ 16 ಸೆಂಟಿಮೀಟರ್ ದಾಟಿದರೆ ಸಾಕು, ಬಗ್ ಮೇಲೆದ್ದು ಬರುತ್ತದೆ. 32 ಸೆಂಟಿಮೀಟರ್ ಹತ್ತಿರ ಓವರ್‌ಫ್ಲೋ ಶುರುವಾಗುತ್ತದೆ, ಅದಕ್ಕಿಂತ ಒಳಗೇ ಇರಿ. ಕರ್ಸರ್ ಕುಂಟುತ್ತದೆ, ಪರವಾಗಿಲ್ಲ, ನಮಗೆ ಬೇಕಾದ್ದು ಸಂಖ್ಯೆ.

ಆ ಸಂಖ್ಯೆ ನೋಡಲು ಎರಡು ಕಿಟಕಿ ತೆರೆದಿಡಿ. ಒಂದರಲ್ಲಿ ಇವ್‌ಟೆಸ್ಟ್ ಓಡಲಿ, ಡ್ರೈವರ್ ಮೇಲಕ್ಕೆ ಕೊಟ್ಟದ್ದೇನು ಎಂದು ಅದು ತೋರಿಸುತ್ತದೆ. ಇನ್ನೊಂದರಲ್ಲಿ ಕರ್ನಲ್ ಲಾಗ್. ಐ8042 ಎಂಬ ಕಂಟ್ರೋಲರ್ ಡ್ರೈವರ್‌ಗೆ ಡಿಬಗ್ ಪ್ಯಾರಾಮೀಟರ್ 1 ಎಂದು ಕೊಟ್ಟರೆ ಕೆಳಗಿನಿಂದ ಬಂದ ಒಂದೊಂದು ಬೈಟೂ ಅಲ್ಲಿ ಬೀಳುತ್ತದೆ. ಕೀಬೋರ್ಡ್ ಕೂಡ ಇದೇ ಕಂಟ್ರೋಲರ್‌ನಲ್ಲಿದೆ ಎಂಬುದನ್ನು ಮರೆಯಬೇಡಿ. ಈಗಿನ ಕರ್ನಲ್‌ಗಳು ಕೀಬೋರ್ಡ್ ಬೈಟ್‌ಗಳನ್ನು ತಾವಾಗಿಯೇ ಮುಚ್ಚುತ್ತವೆ. ಆ ಮುಸುಕನ್ನು ನೀವೇ ತೆಗೆದಿದ್ದರೆ, ಲಾಗನ್ನು ಬೇರೆಯವರಿಗೆ ಕಳಿಸುವ ಮೊದಲು ನಿಮ್ಮ ಪಾಸ್‌ವರ್ಡ್ ಅದರಲ್ಲಿ ಕೂತಿದೆಯಾ ನೋಡಿ.

ಹಾರ್ಡ್‌ವೇರ್ ಇಲ್ಲದವರಿಗೂ ದಾರಿ ಇದೆ. ಲಿನಕ್ಸ್‌ನಲ್ಲಿ ಯೂಸರ್‌ಐಒ ಎಂಬ ಮಾಡ್ಯೂಲ್ ಇದೆ. ನೀವು ಬರೆದ ಪ್ರೋಗ್ರಾಮೇ ಪಿಎಸ್/2 ಸಾಧನದಂತೆ ಬೈಟ್ ಕಳಿಸಬಹುದು. ಸ್ವಂತ ಓಎಸ್ ಆದರೆ ಇನ್ನೂ ಸುಲಭ: ಪ್ಯಾಕೆಟ್ ಬಿಡಿಸುವ ಫಂಕ್ಷನ್ ಒಂದನ್ನೇ ಹೊರಗೆ ತೆಗೆದು, ಸಾಮಾನ್ಯ ಸಿ ಪ್ರೋಗ್ರಾಮ್‌ನಲ್ಲಿ ಹಾಕಿ, ಕೆಳಗಿನ ಪಟ್ಟಿ ಕೊಡಿ. ಬಲಗಡೆ ಇರುವುದು ಪರದೆಯ ಮೇಲೆ ಬರಬೇಕಾದ ಎಕ್ಸ್ ಮತ್ತು ವೈ.

8, 127, 0 → +127, 0
8, 128, 0 → +128, 0
24, 128, 0 → −128, 0
24, 127, 0 → −129, 0
24, 96, 0 → −160, 0
8, 0, 160 → 0, −160
40, 0, 96 → 0, +160
56, 96, 96 → −160, +160
9, 160, 0 → +160, 0, ಜೊತೆಗೆ ಎಡ ಬಟನ್ ಒತ್ತಿದೆ

ವೈನ ಚಿಹ್ನೆ ತಿರುಗಿರುವುದು ಅಚ್ಚಿನ ತಪ್ಪಲ್ಲ. ಮೌಸ್ ಪ್ರಕಾರ ಮೇಲಕ್ಕೆ ಹೋದರೆ ಧನ, ಪರದೆಯ ಪ್ರಕಾರ ಕೆಳಕ್ಕೆ ಹೋದರೆ ಧನ. ಡ್ರೈವರ್ ಎಲ್ಲೋ ಒಂದು ಕಡೆ ತಿರುಗಿಸಬೇಕು. ಎರಡು ಕಡೆ ತಿರುಗಿಸಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಎರಡನೇ ಆವೃತ್ತಿ ಬಂತು

ನೀವು ಲೆಕ್ಕ ತೋರಿಸಿದಿರಿ, ಬರೆದವರು ಒಪ್ಪಿದರು. ಹೊಸ ಪ್ಯಾಚ್‌ನಲ್ಲಿ ಬಿಟ್ 4 ಎದ್ದಿದ್ದರೆ 256 ಕಳೆಯುತ್ತಾರೆ. ಈಗ ದಿಕ್ಕು ಸರಿ ಇದೆ. ಸಾಮಾನ್ಯವಾಗಿ ಇಲ್ಲೇ ರಿವ್ಯೂ ಮಾಡುವವರಿಗೆ ಸುಸ್ತಾಗುತ್ತದೆ. ಇನ್ನು ನಾಲ್ಕು ಕಡೆ ಇಣುಕಿ ನೋಡಿ.

ಮೊದಲನೆಯದು ಉತ್ತರವನ್ನು ಎಲ್ಲಿ ಇಡುತ್ತಾರೆ ಎಂಬುದು. ಲೆಕ್ಕ ಸರಿಯಾಗಿ ಮಾಡಿ −160 ಪಡೆದು, ಅದನ್ನು ಎಂಟು ಬಿಟ್ಟಿನ ವೇರಿಯಬಲ್‌ನಲ್ಲಿ ಇಟ್ಟರೆ? −160ಕ್ಕೆ 256 ಸೇರಿಸಿ, 96. ಅದೇ ಹಳೆಯ +96 ಮತ್ತೆ ಬಂತು! ಬದಲಾದ ಸಾಲು ಅಷ್ಟೂ ಸರಿ ಇದ್ದು, ತಪ್ಪು ಡಿಫ್‌ನಲ್ಲೇ ಇಲ್ಲದ ಒಂದು ಸ್ಟ್ರಕ್ಟ್‌ನೊಳಗೆ ಕೂತಿರುತ್ತದೆ. ಹಾಗಾಗಿ ಆ ಸಂಖ್ಯೆಯ ಬೆನ್ನು ಹತ್ತಿ: ಫಂಕ್ಷನ್‌ನಿಂದ ಸ್ಟ್ರಕ್ಟ್‌ಗೆ, ಅಲ್ಲಿಂದ ಈವೆಂಟ್ ಕ್ಯೂಗೆ, ಅಲ್ಲಿಂದ ಕರ್ಸರ್ ಎಳೆಯುವ ಕೋಡ್‌ಗೆ. ದಾರಿಯಲ್ಲಿ ಎಲ್ಲೂ ಎಂಟು ಬಿಟ್ಟಿನ ಇಕ್ಕಟ್ಟು ಇರಬಾರದು. ಡಿಫ್ ಮಾತ್ರ ಓದುವವರಿಗೆ ಇದು ಯಾವತ್ತೂ ಸಿಗುವುದಿಲ್ಲ.

ಎರಡನೆಯದು ವೈ. ಎಕ್ಸ್ ಸರಿಪಡಿಸಿ ವೈ ಮರೆಯುವುದು, ಅಥವಾ ಎಕ್ಸ್ ಸಾಲನ್ನು ನಕಲು ಮಾಡಿ ಬಿಟ್ 4ನ್ನು 5 ಎಂದು ಬದಲಿಸಲು ಮರೆಯುವುದು. ಪಟ್ಟಿಯ 40ರ ಸಾಲು ಇರುವುದು ಇದಕ್ಕೇ.

ಮೂರನೆಯದು ಸೊನ್ನೆ. 24, 0, 0 ಬಂದರೆ? ಒಂಬತ್ತು ಬಿಟ್ಟಿನ ಲೆಕ್ಕದಲ್ಲಿ ಅದು −256. ಲಿನಕ್ಸ್ ಇಲ್ಲಿ ಬೈಟ್ ಸೊನ್ನೆಯಾಗಿದ್ದರೆ ಚಿಹ್ನೆ ನೋಡದೆ ಸೊನ್ನೆ ಎಂದೇ ತೆಗೆದುಕೊಳ್ಳುತ್ತದೆ. ನನಗೂ ಅದೇ ಸರಿ ಅನಿಸುತ್ತದೆ. ಚಿಹ್ನೆಯ ಬಿಟ್ ಒಂದನ್ನೇ ನಂಬಿ ಕರ್ಸರನ್ನು 256 ಹೆಜ್ಜೆ ಎಸೆಯುವುದಕ್ಕಿಂತ ನಿಂತಲ್ಲೇ ನಿಲ್ಲಿಸುವುದು ವಾಸಿ. ಲಿನಕ್ಸ್‌ನ ಆ ಸಾಲು ನೋಡಲೂ ಚೆಂದ. ಮೊದಲ ಬೈಟನ್ನು ನಾಲ್ಕು ಸ್ಥಾನ ಎಡಕ್ಕೆ ಸರಿಸಿ, 256ರ ಬಿಟ್ ಮಾತ್ರ ಉಳಿಸಿ, ಎರಡನೇ ಬೈಟಿನಿಂದ ಕಳೆಯುತ್ತದೆ. ವೈಗೆ ಮೂರು ಸ್ಥಾನ ಸರಿಸಿ, ಕಳೆಯುವ ಕ್ರಮವನ್ನು ತಿರುವುಮುರುವು ಮಾಡುತ್ತದೆ. ದಿಕ್ಕು ತಿರುಗಿಸುವ ಕೆಲಸವೂ ಅದರಲ್ಲೇ ಮುಗಿಯಿತು.

ನಾಲ್ಕನೆಯದು ಓವರ್‌ಫ್ಲೋ. ಬಿಟ್ 6 ಎದ್ದಿದ್ದರೆ ಚಲನೆಯನ್ನು ಬಿಡಬೇಕಾ, 255ಕ್ಕೆ ನಿಲ್ಲಿಸಬೇಕಾ? ಎರಡಕ್ಕೂ ವಾದ ಇದೆ. ಬರೆದವರು ಯೋಚಿಸಿ ಒಂದನ್ನು ಆರಿಸಿದ್ದಾರಾ ಎಂಬುದಷ್ಟೇ ನಮ್ಮ ಪ್ರಶ್ನೆ. ಈ ಪ್ಯಾಚ್‌ನಲ್ಲೇ ಮಾಡಿ ಎಂದು ಹಠ ಹಿಡಿಯಬೇಡಿ, ಅದು ಬೇರೆ ಪ್ಯಾಚ್.

ಜಿಗಿತಕ್ಕೆ ಇನ್ನೊಂದು ಕಾರಣವೂ ಇದೆ

ಒಂದು ಬೈಟ್ ಕಳೆದುಹೋದರೆ ಮೂರರ ಸಾಲು ಒಂದು ಮನೆ ಸರಿಯುತ್ತದೆ. ಚಲನೆಯ ಬೈಟನ್ನು ಡ್ರೈವರ್ ಬಟನ್ ಬೈಟ್ ಎಂದು ಓದುತ್ತದೆ. ಆಗಲೂ ಕರ್ಸರ್ ಹುಚ್ಚೆದ್ದು ಕುಣಿಯುತ್ತದೆ, ಆದರೆ ಜೊತೆಗೆ ಯಾರೂ ಒತ್ತದ ಕ್ಲಿಕ್‌ಗಳು ಬೀಳುತ್ತವೆ. ದೂರು ಕೊಟ್ಟವರನ್ನು ಕೇಳಿ: ಫೈಲ್‌ಗಳು ತಾವಾಗೇ ತೆರೆದುಕೊಂಡವಾ, ಮೆನು ಎದ್ದು ಬಂತಾ? ಹೌದು ಅಂದರೆ ಚಿಹ್ನೆಯ ಬಿಟ್ ಸರಿ ಮಾಡಿ ಪ್ರಯೋಜನವಿಲ್ಲ.

ಇದಕ್ಕೆ "ಬಿಟ್ 3 ಒಂದಾಗಿರದಿದ್ದರೆ ಬೈಟ್ ಎಸೆ" ಎಂಬ ಫಿಕ್ಸ್ ಬರಬಹುದು. ಒಳ್ಳೆಯದೇ. ಆದರೆ ಪೂರ್ತಿ ಕಾವಲಲ್ಲ. ಚಲನೆಯ ಬೈಟಿನ 256 ಮೌಲ್ಯಗಳಲ್ಲಿ 128ರಲ್ಲಿ ಬಿಟ್ 3 ಹೇಗೂ ಒಂದೇ ಆಗಿರುತ್ತದೆ. ಸಮಯವನ್ನೂ ನೋಡಬೇಕು. ಲಿನಕ್ಸ್‌ನಲ್ಲಿ ಪ್ಯಾಕೆಟ್ ನಡುವೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಮೌನವಿದ್ದರೆ ಅದುವರೆಗೆ ಕೂಡಿಟ್ಟ ಬೈಟ್‌ಗಳನ್ನು ಚೆಲ್ಲಿ ಹೊಸದಾಗಿ ಎಣಿಸುತ್ತಾರೆ.

ಇಂಟರಪ್ಟ್ (ಬೈಟ್ ಬಂದಿದೆ ಎಂದು ಪ್ರೊಸೆಸರನ್ನು ಕರೆಯುವ ಸಂಕೇತ) ಬಗ್ಗೆ ಎರಡೇ ಮಾತು. ಪಿಸಿಯಲ್ಲಿ ಈ ಮೌಸ್ ಇಂಟರಪ್ಟ್ 12ರಲ್ಲಿ ಬರುತ್ತದೆ. ಆ ಹ್ಯಾಂಡ್ಲರ್‌ನೊಳಗೆ ಕಾಯುವ, ನಿದ್ದೆ ಹೋಗುವ ಯಾವ ಕರೆಯೂ ಇರಬಾರದು. ಡಿಬಗ್‌ಗೆಂದು ಹಾಕಿದ ಪ್ರಿಂಟ್ ಸಾಲು ಉಳಿದಿದ್ದರೆ ಸೆಕೆಂಡಿಗೆ ನೂರಾರು ಸಾಲು ಲಾಗ್ ತುಂಬುತ್ತದೆ.

ಕಮಿಟ್ ಮೆಸೇಜ್, ಆಮೇಲೆ ಸಹಿ

ಮೆಸೇಜ್‌ನಲ್ಲಿ ಮೂರು ವಿಷಯ ಇರಲಿ: ಬಳಸುವವರಿಗೆ ಏನು ಕಂಡಿತು, ಯಾಕೆ ಹಾಗಾಯಿತು, ಈಗ ಏನು ಬದಲಾಯಿತು. ನಡುವಿನದನ್ನೇ ಎಲ್ಲರೂ ಬಿಡುವುದು. ಗಿಟ್ ಬ್ಲೇಮ್ ಹಾಕಿ ಬಗ್ ಯಾವ ಕಮಿಟ್‌ನಲ್ಲಿ ಹುಟ್ಟಿತು ಎಂದು ನೋಡಿ. ಲಿನಕ್ಸ್‌ನಲ್ಲಿ ಆ ಕಮಿಟ್ ಹ್ಯಾಶ್‌ನ ಮೊದಲ 12 ಅಕ್ಷರಗಳನ್ನು ಫಿಕ್ಸಸ್ ಎಂಬ ಸಾಲಿನಲ್ಲಿ ಬರೆಯುವುದು ರೂಢಿ. ಹಳೆಯ ಸ್ಟೇಬಲ್ ಆವೃತ್ತಿಗಳಿಗೂ ಹೋಗಬೇಕಾದ ಪ್ಯಾಚ್ ಆದರೆ ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು ಎಂಬ ನಿಯಮವಿದೆ. ಜೊತೆಗೆ ಜಾಗ ಬಿಡುವುದು, ಹೆಸರು ಬದಲಿಸುವುದು ಸೇರಿಸಿದ್ದರೆ ಬೇರೆ ಮಾಡಲು ಹೇಳಿ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಹಿಡಿಯುವ ಅಲ್ಪವಿರಾಮದ ತಪ್ಪುಗಳಿಗೆ ನಿಮ್ಮ ಸಮಯ ಹಾಳು ಮಾಡಬೇಡಿ, ಸ್ಕ್ರಿಪ್ಟ್ ಓಡಿಸಿ ಕಳಿಸಿ ಎಂದರೆ ಸಾಕು.

ನಿಮ್ಮ ಉತ್ತರದಲ್ಲಿ ಅಭಿಪ್ರಾಯ ಕಡಿಮೆ, ಸಂಖ್ಯೆ ಜಾಸ್ತಿ ಇರಲಿ. "ಈ ವಿಧಾನ ನನಗೆ ಸರಿ ಕಾಣುತ್ತಿಲ್ಲ" ಎಂದರೆ ಜಗಳ ಶುರು. "24, 96, 0 ಕೊಟ್ಟರೆ ನಿಮ್ಮ ಕೋಡ್ ಸೊನ್ನೆ ಕೊಡುತ್ತಿದೆ, −160 ಬರಬೇಕಲ್ವಾ?" ಎಂದರೆ ಅವರೇ ಲೆಕ್ಕ ಹಾಕಿ ನೋಡುತ್ತಾರೆ. ಮೊದಲ ಪ್ಯಾಚ್ ಕಳಿಸುತ್ತಿರುವ ಹುಡುಗ ಹುಡುಗಿಯರಿಗೆ ಇದು ಅವಮಾನವೂ ಆಗುವುದಿಲ್ಲ.

ಮೂರನೇ ಆವೃತ್ತಿ ಬಂದಾಗ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓಡಿಸಿ, ಹಿಂದೆ ಪಾಸ್ ಆದ ಸಾಲುಗಳನ್ನೂ ಬಿಡಬೇಡಿ. ಎಲ್ಲ ಸರಿ ಇದ್ದರೆ ರಿವ್ಯೂಡ್‌ಬೈ ಎಂದು ನಿಮ್ಮ ಹೆಸರು ಹಾಕಿ. ಟೆಸ್ಟೆಡ್‌ಬೈ ಬೇರೆ ಸಾಲು. ಅದನ್ನು ರೇಟ್ 10ಕ್ಕೆ ಇಳಿಸಿ, ನಿಜವಾದ ಪಿಎಸ್/2 ಮೌಸನ್ನು ಮೇಜಿನ ಮೇಲೆ ಎಳೆದಾಡಿ ನೋಡಿದವರು ಮಾತ್ರ ಹಾಕಲಿ.